ಸ್ಟೀಮರ್ ಹೊರಡುವುದು ನಾಳೆ

ಸುಳ್ಳು ಹೇಳುವುದಕ್ಕೂ ಒಂದು ಯೋಗ್ಯತೆ ಬೇಕು. ಹೇಳಿದ್ದು ನೆನಪಿರಬೇಕು, ಕೇಳುವವರ ಮುಖ ಓದಲು ಬರಬೇಕು, ಎಲ್ಲಿ ನಿಲ್ಲಿಸಬೇಕೆಂಬ ಅಂದಾಜಿರಬೇಕು. ಚೀಟಿಯಪ್ಪನಿಗೆ ಇವುಗಳಲ್ಲಿ ಒಂದೂ ಇರಲಿಲ್ಲ. ಐವತ್ನಾಲ್ಕು ವರ್ಷ ಅವನು ಸುಳ್ಳು ಹೇಳದೆ ಬದುಕಿದ್ದು ಸತ್ಯದ ಮೇಲಿನ ಪ್ರೀತಿಯಿಂದಲ್ಲ. ಅವನನ್ನು ಯಾರೂ ಏನೂ ಕೇಳಿರಲಿಲ್ಲ, ಅಷ್ಟೇ.

ಅವನ ಕೆಲಸ ನಗರಸಭೆಯ ಹಳೇ ಫೋಟೋಗಳ ಉಗ್ರಾಣದಲ್ಲಿ. ಒಂದು ಕಾಲಕ್ಕೆ ಸ್ಟೀಮರಿನ ಟಿಕೆಟ್ ಕೊಡುತ್ತಿದ್ದ ನದಿದಂಡೆಯ ಕಟ್ಟಡ ಅದು. ಸ್ಟೀಮರುಗಳು ನಿಂತು ಅರವತ್ತು ವರ್ಷವಾಗಿದ್ದರೂ ಪ್ರಯಾಣಿಕರು ಕೂರುತ್ತಿದ್ದ ಉದ್ದನೆಯ ಮರದ ಬೆಂಚು ಮಾತ್ರ ಅವನ ಮೇಜಿನ ಎದುರಿಗೇ ಉಳಿದುಕೊಂಡಿತ್ತು. ಬಂದ ಪ್ರತಿ ಫೋಟೋಗೂ ಇದು ಯಾರು, ಎಲ್ಲಿ, ಯಾವಾಗ ಎಂದು ಚೀಟಿ ಬರೆದು ಅಂಟಿಸುವುದು ಅವನ ಕರ್ತವ್ಯ, ಅದರಿಂದಲೇ ಆ ಹೆಸರು. ಹಳೇ ಫೋಟೋ ಕೇಳಿಕೊಂಡು ಬಂದ ಸಾರ್ವಜನಿಕರಿಗೂ ಅವನು ಒಂದು ಚೀಟಿ ಕೊಡುತ್ತಿದ್ದ. ಅದರಲ್ಲಿ ಅಚ್ಚಾಗಿದ್ದದ್ದು ಎರಡೇ ಪದ: 'ನಾಳೆ ಬನ್ನಿ.' ಕೆಳಗೆ, ಕೆಲಸವಾದ ಮೇಲೆ ರುಜು ಹಾಕಿ ಚೀಟಿ ವಾಪಸ್ಸು ಮಾಡಲು ಒಂದು ಖಾಲಿ ಗೆರೆ. ಇಪ್ಪತ್ತಮೂರು ವರ್ಷದಲ್ಲಿ ರುಜು ಬಿದ್ದು ವಾಪಸ್ಸು ಬಂದ ಚೀಟಿ ಒಂದೂ ಇರಲಿಲ್ಲ.

ಹೀಗಿರುವಾಗ ಅಟ್ಟದಲ್ಲಿ ಗಾಜಿನ ನೆಗೆಟಿವ್‌ಗಳ ಒಂದು ಪೆಟ್ಟಿಗೆ ಸಿಕ್ಕಿತು. ಎಂಬತ್ತು ತೊಂಬತ್ತು ವರ್ಷದ ಹಿಂದಿನ ನದಿದಂಡೆ: ಮೂಟೆ ಹೊರುವವರು, ಬಟ್ಟೆ ಒಗೆಯುವವರು, ಕುದುರೆಗಾಡಿಗಳು, ಹೊಗೆ ಕಾರುವ ಸ್ಟೀಮರುಗಳು. ಪ್ರದರ್ಶನ ಮಾಡೋಣ ಎಂದರು ಉಗ್ರಾಣದ ಮೇಲಧಿಕಾರಿ ಮೇಡಂ. ಗಾಜಿನ ನೆಗೆಟಿವ್‌ಗೆ ಎರಡು ಮೈ, ಒಂದು ಹೊಳೆಯುತ್ತದೆ, ಇನ್ನೊಂದು ಮಬ್ಬು. ಹೊಳೆಯುವ ಮೈಗೆ ಚೀಟಿ ಅಂಟಿಸಬೇಕು, ಪ್ರಿಂಟ್ ಹಾಕುವಾಗ ಚೀಟಿ ಇರುವ ಮೈ ಮೇಲಕ್ಕಿರಬೇಕು ಎಂಬುದು ಉಗ್ರಾಣದ ನಿಯಮ. ಪ್ರಿಂಟ್ ಹಾಕುವ ಡಾರ್ಕ್‌ರೂಮಿನವನು ಚೀಟಿಯನ್ನಷ್ಟೇ ನೋಡುತ್ತಿದ್ದ, ಗಾಜನ್ನು ನೋಡುತ್ತಿರಲಿಲ್ಲ. ಚೀಟಿಯಪ್ಪ ಬೇರೆ ಎಡಚ. ಅವನು ಒಂದೇ ಮಧ್ಯಾಹ್ನದಲ್ಲಿ ನೂರ ಹದಿನಾಲ್ಕು ಗಾಜುಗಳಿಗೆ ಚೀಟಿ ಅಂಟಿಸಿ ಮುಗಿಸಿದ. ಊಟದ ನಂತರದ ಹೊತ್ತು ಅದು, ಕಣ್ಣು ಅರ್ಧ ಮುಚ್ಚಿತ್ತು.

ಪ್ರಿಂಟ್‌ಗಳಲ್ಲೆಲ್ಲ ದೊಡ್ಡದು ಸ್ಟೀಮರಿನದು. ಹೆಸರಿನ ಹಲಗೆಯನ್ನು ಹೊಗೆ ನುಂಗಿತ್ತು. ದಂಡೆಯ ಬೆಂಚಿನ ಮೇಲೆ ಗಂಟುಮೂಟೆ ಇಟ್ಟುಕೊಂಡ ಪ್ರಯಾಣಿಕರು ಕೂತಿದ್ದರು. ಸ್ಟೀಮರಿನ ಮೇಲಟ್ಟದಲ್ಲಿ ಟೋಪಿ ಹಾಕಿದ ಕ್ಯಾಪ್ಟನ್ ಎಡಗೈ ಎತ್ತಿ ನಿಂತಿದ್ದ. ಮೇಡಂ ಒಮ್ಮೆ ಚಿತ್ರ ನೋಡಿದರು, ಒಮ್ಮೆ ಚೀಟಿಯಪ್ಪನನ್ನು ನೋಡಿದರು. ಆ ಕಚೇರಿಯಲ್ಲಿ ಯಾರಾದರೂ ಅವನನ್ನು ನೋಡಿದ್ದು ಅದೇ ಮೊದಲು.

"ಇದೇನ್ರೀ, ನೀವೇ ಟೋಪಿ ಹಾಕ್ಕೊಂಡು ನಿಂತ ಹಾಗಿದೆ! ಅದೇ ಹೊಟ್ಟೆ, ಅದೇ ಎಡಗೈ!"

"ಹೌದು ಮೇಡಂ," ಎಂದಿತು ಚೀಟಿಯಪ್ಪನ ಬಾಯಿ. "ನಮ್ಮ ತಾತ."

ಅವನ ತಾತ ಸ್ಟೀಮರಿನಲ್ಲಿದ್ದದ್ದು ನಿಜ. ಆದರೆ ಮೇಲಟ್ಟದಲ್ಲಲ್ಲ, ತಳದ ಬಾಯ್ಲರ್ ಮನೆಯಲ್ಲಿ, ಬೆಂಕಿಗೆ ಕಲ್ಲಿದ್ದಲು ತುಂಬುವ ಕೆಲಸಕ್ಕೆ. ಅಷ್ಟು ವಿವರ ಕೇಳುವ ತಾಳ್ಮೆ ಮೇಡಂಗೆ ಇರಲಿಲ್ಲ, ಹೇಳುವ ಧೈರ್ಯ ಇವನಿಗೂ ಇರಲಿಲ್ಲ. "ಚೀಟಿ ಬರೀರಿ" ಎಂದರು. ಅವನು ತನ್ನದೇ ಎಡಗೈಯಿಂದ ಬರೆದ: 'ನದಿಯ ಮೇಲ್ಮುಖವಾಗಿ ಹೊರಟ ಸ್ಟೀಮರ್. ಕ್ಯಾಪ್ಟನ್, ಈ ಕಚೇರಿಯ ಗುಮಾಸ್ತರ ತಾತ.' ಆಮೇಲೆ, ಕ್ಯಾಪ್ಟನ್ನನ ತಾತತನಕ್ಕೆ ಕುಂದು ಬರಬಾರದೆಂದು, ಸ್ಟೀಮರಿನ ತಳದ ಕಿಟಕಿಯಲ್ಲಿ ಕಾಣುತ್ತಿದ್ದ ಒಂದು ಕಪ್ಪು ಕಲೆಯನ್ನೂ ದಂಡೆಯಂಚಿನ ಒಂದು ಬಿಳಿ ಗೀಚನ್ನೂ ಬಣ್ಣ ಹಚ್ಚಿ ಮುಚ್ಚುವಂತೆ ಡಾರ್ಕ್‌ರೂಮಿನವನಿಗೆ ಹೇಳಿದ.

ಸುದ್ದಿ ಅವನಿಗಿಂತ ಮೊದಲು ಮನೆ ಮುಟ್ಟಿತ್ತು. ಇಪ್ಪತ್ತು ವರ್ಷ ಅವನನ್ನು ಹೆಸರಿಲ್ಲದ ವಸ್ತುವಿನಂತೆ ಕಾಣುತ್ತಿದ್ದ ಹೆಂಡತಿಯ ತಮ್ಮ ಬಾಗಿಲಲ್ಲೇ ತಬ್ಬಿಕೊಂಡ.

"ಭಾವ! ಕ್ಯಾಪ್ಟನ್ ಮನೆತನ ಅಂತ ಒಂದು ಮಾತು ಹೇಳ್ಬಾರ್ದಿತ್ತಾ? ನಾನು ನಿಮ್ಮನ್ನ ಏನೋ ಅಂದ್ಕೊಂಡಿದ್ನಲ್ಲ!"

"ಏನಂದ್ಕೊಂಡಿದ್ದೆ?"

"ಅದೆಲ್ಲ ಈಗ್ಯಾಕೆ ಬಿಡಿ."

ಎದುರುಮನೆಯ ದರ್ಜಿ ಅಳತೆ ಪಟ್ಟಿ ಹಿಡಿದು ಬಂದ. ಉದ್ಘಾಟನೆಯ ದಿನ ಕ್ಯಾಪ್ಟನ್ನನ ಮೊಮ್ಮಗ ಕ್ಯಾಪ್ಟನ್ನನ ಕೋಟು ಟೋಪಿಯಲ್ಲೇ ನಿಲ್ಲಬೇಕೆಂದು ಬೀದಿಯೇ ತೀರ್ಮಾನಿಸಿಯಾಗಿತ್ತು. ಕ್ಷೌರಿಕ ಸರದಿ ತಪ್ಪಿಸಿ ಮೊದಲು ಕೂರಿಸಿದ. ಹೆಂಡತಿ ಮಾತ್ರ ಕೇಳಿದಳು, "ರೀ, ಕ್ಯಾಪ್ಟನ್ ತಾತ ಇದ್ದಿದ್ರೆ ನಮ್ಮನೇಲಿ ಒಂದು ಒಳ್ಳೇ ಪಾತ್ರೆನಾದ್ರೂ ಇರ್ತಿರ್ಲಿಲ್ವಾ?" ಪ್ರಶ್ನೆ ನ್ಯಾಯವಾಗಿತ್ತು. ಆದ್ದರಿಂದಲೇ ಯಾರೂ ಅದಕ್ಕೆ ಉತ್ತರಿಸಲಿಲ್ಲ.

ಒಳಕೋಣೆಯ ಮಂಚದ ಮೇಲೆ ಸೋದರತ್ತೆ ಕೂತಿದ್ದಳು. ಅವನ ಅಪ್ಪನ ಅಕ್ಕ, ತೊಂಬತ್ತೊಂದು ವರ್ಷ. ತಾಯಿ ಸತ್ತ ಮೇಲೆ ಅವನನ್ನು ಸಾಕಿದವಳು ಅವಳೇ. ಕಣ್ಣಿನ ಡಾಕ್ಟರು ಇನ್ನು ತಿಂಗಳೊಪ್ಪತ್ತು, ಅಷ್ಟರಲ್ಲಿ ಇರುವ ಬೆಳಕೂ ಹೋಗುತ್ತದೆ ಎಂದಿದ್ದರು.

"ಮಗಾ, ಅಪ್ಪನ ಫೋಟೋ ಸಿಕ್ತಂತೆ. ಮುಖ ಕಾಣ್ಸುತ್ತಾ?"

"ಕಾಣ್ಸುತ್ತೆ ಅತ್ತೆ."

"ನಂಗೆ ಆಗ ನಾಲ್ಕು. ನಿಮ್ಮಪ್ಪ ಇನ್ನೂ ಅಮ್ಮನ ಹೊಟ್ಟೇಲಿದ್ದ. ಸ್ಟೀಮರ್ ಹತ್ತೋ ಮೊದ್ಲು ಅಪ್ಪ ಬಂದು ಎಡಗೈ ನನ್ನ ತಲೆ ಮೇಲಿಟ್ಟ. ಕೂದಲಿಗೆಲ್ಲ ಮಸಿ. ಅಮ್ಮ ಬೈಕೊಂಡು ಒರೆಸಿಬಿಟ್ಳು. ಆ ಸ್ಟೀಮರ್ ಆ ಕಡೆ ಊರಿಗೂ ಮುಟ್ಲಿಲ್ಲ, ಈ ಕಡೆಗೂ ಬರ್ಲಿಲ್ಲ. ಮಂಜಲ್ಲಿ ಹೋಯ್ತು ಅಂದ್ರು. ಕೈ ಒಂದೇ ನೆನಪು ಕಣೋ, ಮುಖ ಇಲ್ಲ. ಕಣ್ಣು ಹೋಗೋದ್ರೊಳಗೆ ಒಂದ್ಸಲ ತೋರಿಸ್ಬಿಡು."

ಚೀಟಿಯಪ್ಪನಿಗೆ ಆಗ ಹೊಳೆಯಿತು: ಇರುವ ಒಂದೇ ನೋಟದಲ್ಲಿ ಅವಳು ಯಾವನೋ ದಾರಿಹೋಕನ ಮುಖವನ್ನು ಅಪ್ಪನೆಂದು ನೋಡಿ ಕಣ್ಣು ಮುಚ್ಚುತ್ತಾಳೆ, ಅದನ್ನು ಏರ್ಪಾಡು ಮಾಡಿದವನು ತಾನು. ಬಾಯಿ ಬಿಡಬೇಕು ಎಂದುಕೊಂಡ. ಅಷ್ಟರಲ್ಲಿ ದರ್ಜಿ ಸೊಂಟದಳತೆ ಕೂಗಿ ಹೇಳಿ, ಮನೆಯಲ್ಲಿ ನಗು ಎದ್ದು, ಮಾತು ಅಲ್ಲೇ ಉಳಿಯಿತು.

ಮರುದಿನ ಮಧ್ಯಾಹ್ನ ಅವನು ತಲೆಯೆತ್ತಿದಾಗ ಬೆಂಚಿನ ಮೇಲೆ ಮೂವರು ಕೂತಿದ್ದರು. ಮಡಿಚಿದ ಕೊಡೆಯ ಮೇಲೆ ಗದ್ದ ಊರಿದ ಒಬ್ಬ ಮುದುಕ, ಗಂಟನ್ನು ತೊಡೆಯ ಮೇಲಿಟ್ಟುಕೊಂಡ ಒಬ್ಬ ಹೆಂಗಸು, ಖಾಲಿ ಹಕ್ಕಿಪಂಜರ ಹಿಡಿದ ಒಬ್ಬ ಸಣಕಲ. ಬಂದದ್ದು ಕೇಳಿಸಿರಲಿಲ್ಲ.

"ಕ್ಯಾಪ್ಟನ್ ಮೊಮ್ಮಗ ನೀವೇನಾ?" ಎಂದಳು ಹೆಂಗಸು.

"ಹೌದು," ಎಂದ, ಈಗೀಗ ಅಭ್ಯಾಸವಾಗಿತ್ತು.

"ಹಾಗಾದ್ರೆ ಹೇಳಿ, ಸ್ಟೀಮರ್ ಎಷ್ಟು ಹೊತ್ತಿಗೆ?"

ಹುಚ್ಚರೋ, ಪ್ರದರ್ಶನದ ನಾಟಕದವರೋ ಎಂದು ಯೋಚಿಸುವುದು ಚೀಟಿಯಪ್ಪನ ಕೆಲಸವಾಗಿರಲಿಲ್ಲ. ಸಾರ್ವಜನಿಕರು ಪ್ರಶ್ನೆ ಕೇಳಿದರೆ ಕೈ ತಾನಾಗಿ ಖಾನೆಗೆ ಹೋಗುತ್ತಿತ್ತು. ಮೂರು ಚೀಟಿ ಹರಿದು ಕೊಟ್ಟ. ಓದಿಕೊಂಡರು, ತಲೆಯಾಡಿಸಿದರು, ಅವನು ಕಡತಕ್ಕೆ ಬಗ್ಗಿ ಎದ್ದೇಳುವಷ್ಟರಲ್ಲಿ ಮೂವರೂ ಇರಲಿಲ್ಲ. ಬೆಂಚಿನಿಂದ ನೀರು ತೊಟ್ಟಿಕ್ಕುತ್ತಿತ್ತು.

"ಯಾರನ್ನಯ್ಯಾ ಒಳಗೆ ಬಿಟ್ಟಿದ್ದೆ?" ಎಂದು ಕಾವಲುಗಾರನನ್ನು ಗದರಿದ.

"ಬೆಳಗಿಂದ ಒಂದು ನರಪಿಳ್ಳೆ ಬಂದಿಲ್ಲ ಸಾರ್. ಬೆಂಚು ಸೂರು ಸೋರಿ ಒದ್ದೆ ಆಗಿರ್ಬೇಕು."

ಹೊರಗೆ ಬಿಸಿಲು ರಣಗುಟ್ಟುತ್ತಿತ್ತು. ಮಳೆ ಬಿದ್ದು ಎರಡು ತಿಂಗಳಾಗಿತ್ತು.

ಸರ್ಕಾರಿ ಕಚೇರಿಗಳ ಇತಿಹಾಸದಲ್ಲಿ 'ನಾಳೆ ಬನ್ನಿ' ಎಂದರೆ ಬರಬೇಡಿ ಎಂದೇ ಅರ್ಥ, ಬದುಕಿರುವ ಜನರಿಗೆಲ್ಲ ಅದು ಗೊತ್ತು. ಈ ಮೂವರಿಗೆ ಗೊತ್ತಿರಲಿಲ್ಲ. ಮರುದಿನ ಅದೇ ಹೊತ್ತಿಗೆ ಬಂದರು, ಜತೆಗೆ ಇನ್ನೂ ನಾಲ್ವರನ್ನು ಕರೆತಂದರು. ಚೀಟಿಯಪ್ಪ ಏಳು ಚೀಟಿ ಕೊಟ್ಟ. ಅದರ ಮರುದಿನ ಹನ್ನೊಂದು ಜನ. ವಾರದ ಕೊನೆಗೆ ಬೆಂಚು ಸಾಲದೆ ಗೋಡೆಗೊರಗಿ ನಿಂತರು. ಯಾರೂ ಗಲಾಟೆ ಮಾಡಲಿಲ್ಲ, ಒಬ್ಬರೂ ಕೆಮ್ಮಲಿಲ್ಲ, ಉಸಿರಾಟದ ಸದ್ದೂ ಇರಲಿಲ್ಲ. ತಾಳ್ಮೆಯಿಂದ ಕೂತು ಅವನನ್ನೇ ನೋಡುತ್ತಿದ್ದರು, ಕಾಲ ಕೆಳಗೆ ನೀರು ನಿಲ್ಲುತ್ತಿತ್ತು. ಚೀಟಿಯಪ್ಪ ಜೀವಮಾನದಲ್ಲಿ ಮೊದಲ ಸಲ ಕಚೇರಿಗೆ ಹೋಗಲು ಹೆದರಿದ. ರಜೆ ಕೇಳಿದರೆ ಮೇಡಂ, "ಉದ್ಘಾಟನೆ ಹತ್ರ ಬಂತು, ಕ್ಯಾಪ್ಟನ್ ಮೊಮ್ಮಗನೇ ಕೈಕೊಟ್ರೆ ಹೇಗೆ?" ಎಂದು ನಕ್ಕರು. ಅವರು ಆಗ ಕೊಡೆಯ ಮುದುಕನ ಮಡಿಲಲ್ಲೇ ಕೂತಿದ್ದರು. "ಈ ಬೆಂಚು ಯಾಕಿಷ್ಟು ತಣ್ಣಗಿದೆ?" ಎಂದು ಸೀರೆ ಕೊಡವಿಕೊಂಡು ಎದ್ದರು.

ಮನೆಯಲ್ಲಿ ಹೆಂಡತಿ ಅವನ ಅಂಗಿ ಮೂಸಿ, "ಹೊಳೆ ಕೆಸರಿನ ವಾಸನೆ. ಎಲ್ಲಿಗ್ರೀ ಹೋಗಿದ್ರಿ?" ಎಂದಳು.

"ಅಕ್ಕ, ಅದು ರಕ್ತ!" ಎಂದ ತಮ್ಮ. "ಕ್ಯಾಪ್ಟನ್ ವಂಶ ಅಂದ್ರೆ ಸುಮ್ನೇನಾ? ಹೊಳೆ ಮೈಯಲ್ಲೇ ಹರೀತಿರುತ್ತೆ."

ಉದ್ಘಾಟನೆಗೆ ಮೂರು ದಿನವಿರುವಾಗ ಚೀಟಿಯಪ್ಪ ದೊಡ್ಡ ಪ್ರಿಂಟಿನ ಮುಂದೆ ನಿಂತು ಬೆವತ. ಚಿತ್ರದ ಬೆಂಚು ಖಾಲಿಯಿತ್ತು. ಕೊಡೆ, ಗಂಟು, ಪಂಜರ, ಒಂದೂ ಇಲ್ಲ.

"ಇಲ್ಲಿ ಜನ ಇದ್ರಲ್ಲಯ್ಯಾ!"

ಡಾರ್ಕ್‌ರೂಮಿನವನು ಕನ್ನಡಕ ಹಣೆಗೇರಿಸಿ ನೋಡಿದ. "ಆ ಕಾಲದ ಕ್ಯಾಮೆರಾಗೆ ಅಲ್ಲಾಡದೆ ಕೂತೋರು ಮಾತ್ರ ಸಿಗ್ತಿದ್ರು ಸಾರ್. ಎದ್ದು ಹೋದೋರು ಅಳಿಸಿಹೋಗ್ತಾರೆ."

"ಎದ್ದು ಹೋಗೋದು ಫೋಟೋ ತೆಗೆಯುವಾಗಲೋ, ತೆಗೆದಾದ ಮೇಲೋ?"

ಅವನು ಕನ್ನಡಕ ಮತ್ತೆ ಮೂಗಿಗಿಳಿಸಿ, ಅದು ತನ್ನ ವಿಭಾಗಕ್ಕೆ ಬರುವುದಿಲ್ಲ ಎಂದ.

ಉದ್ಘಾಟನೆಯ ಹಿಂದಿನ ದಿನ ಇಪ್ಪತ್ತಾರು ಜನ ಬಂದರು. ಚೀಟಿಯಪ್ಪ ಖಾನೆ ಎಳೆದ. ಇಪ್ಪತ್ತಾರು ಚೀಟಿ ಎಣಿಸಿ ಕೊಟ್ಟ. ಗಂಟಿನ ಹೆಂಗಸು ಈ ಸಲ ಏಳಲಿಲ್ಲ.

"ಸ್ವಾಮಿ, ನೀವು ದಿನಾ ನಾಳೆ ಅಂತೀರಿ, ನಾವೂ ದಿನಾ ಬರ್ತೀವಿ. ನಮ್ಮ ಮನೇಲಿ ಕಾಯ್ತಿರ್ತಾರೆ. ಒಂದು ಮಾತು ಕೇಳ್ಲಾ? ನಾವು ಹೋಗ್ಬೇಕಾದ್ದು ಹೊಳೆಯ ಕೆಳಗಡೆ ಊರಿಗೆ. ಕೆಳಗೆ ಹೋಗೋ ಸ್ಟೀಮರಿನ ಮೂತಿ ಮೇಲಕ್ಕೆ ತಿರುಗಿಸಿ ಯಾಕೆ ನಿಲ್ಲಿಸಿದೀರಿ? ಇದು ನಮ್ಮ ಸ್ಟೀಮರೇ ಅಲ್ಲ ಅಂತ ನಾವು ಹತ್ತದೆ ಕೂತಿದೀವಿ."

"ನಾ... ನಾನಾ?"

"ಮೇಲ್ಮುಖವಾಗಿ ಹೊರಟಿದೆ ಅಂತ ಚೀಟಿ ಬರೆದೋರು ನೀವೇ ಅಲ್ವಾ?"

ಚೀಟಿಯಪ್ಪ ಕಿಟಕಿಯತ್ತ ತಿರುಗಿದ. ಎಂದಿನಂತೆ ನದಿ ಎಡದಿಂದ ಬಲಕ್ಕೆ ಹರಿಯುತ್ತಿತ್ತು. ಚಿತ್ರ ನೋಡಿದ. ಸ್ಟೀಮರಿನ ಮೂತಿ ಎಡಕ್ಕಿತ್ತು. ಇಪ್ಪತ್ತಮೂರು ವರ್ಷದಲ್ಲಿ ಮೊದಲ ಬಾರಿಗೆ ಅವನು ತಾನು ಮಾಡಿದ ಕೆಲಸವನ್ನು ತಾನೇ ಪರೀಕ್ಷಿಸಲು ಎದ್ದ. ಗಾಜನ್ನು ತೆಗೆದು ಬೆರಳಿನಿಂದ ಸವರಿದ. ಚೀಟಿ ಮಬ್ಬು ಮೈಯ ಮೇಲೆ ಕೂತಿತ್ತು. ಊಟದ ನಂತರದ ಆ ಮಧ್ಯಾಹ್ನ ಎಡಗೈ ಗಾಜನ್ನು ಮಗುಚಿ ಹಿಡಿದು, ತಪ್ಪು ಮೈಗೆ ಅಂಟಿಸಿಬಿಟ್ಟಿತ್ತು. ಒಂದು ಸ್ಟೀಮರು, ಒಂದು ನದಿ, ಇಪ್ಪತ್ತಾರು ಜನ ಎಲ್ಲ ಒಂದು ಗೋಂದಿನ ಚೀಟಿಯಿಂದ ಹಿಂದುಮುಂದಾಗಿದ್ದರು.

ಡಾರ್ಕ್‌ರೂಮಿನ ಕೆಂಪು ದೀಪದಡಿ ಹೊಸ ಪ್ರಿಂಟ್ ತಟ್ಟೆಯ ನೀರಿನಲ್ಲಿ ನಿಧಾನವಾಗಿ ಮೇಲೆದ್ದಿತು. ಈಗ ಸ್ಟೀಮರಿನ ಮೂತಿ ಬಲಕ್ಕೆ. ಕ್ಯಾಪ್ಟನ್ ಎತ್ತಿದ್ದು ಬಲಗೈ. ಹೊಟ್ಟೆಯೊಂದು ಬಿಟ್ಟರೆ ಅವನಲ್ಲಿ ಚೀಟಿಯಪ್ಪನ ಹೋಲಿಕೆ ಏನೂ ಉಳಿದಿರಲಿಲ್ಲ. ಹೊಟ್ಟೆ ಯಾರಿಗೆ ತಾನೇ ಇರುವುದಿಲ್ಲ?

"ಸಾರ್," ಎಂದ ಡಾರ್ಕ್‌ರೂಮಿನವನು, "ನೀವು ಬಣ್ಣ ಬಳಿಸಿದ ಕಲೆ ಇಲ್ಲಿ ಮತ್ತೆ ಬಂತು ನೋಡಿ. ಮುಚ್ಚಿಬಿಡ್ಲಾ?"

ಭೂತಗನ್ನಡಿ ಹಿಡಿದು ಚೀಟಿಯಪ್ಪ ಬಗ್ಗಿದ. ತಳದ ಕಿಟಕಿಯಲ್ಲಿ ಇದ್ದದ್ದು ಕಲೆಯಲ್ಲ. ಮಸಿ ಹತ್ತಿದ ಒಬ್ಬ ಯುವಕ ಅರ್ಧ ಮೈ ಹೊರಚಾಚಿದ್ದ. ಕಪ್ಪು ಎಡಗೈಯನ್ನು ಎತ್ತಿ, ದಂಡೆಯಂಚಿನ ಆ ಬಿಳಿ ಗೀಚಿನ ಕಡೆಗೆ ಏನೋ ಹೇಳುತ್ತಿದ್ದ. ಚೀಟಿಯಪ್ಪನಿಗೆ ನಿಂತಲ್ಲೇ ಕಣ್ಣು ತುಂಬಿತು. ಸ್ವಂತ ತಾತನನ್ನು ಕಲೆ ಎಂದು ಅಳಿಸಲು ಹೇಳಿದ್ದ.

"ಅದನ್ನ ಮುಟ್ಟಿದ್ರೆ ಕೈ ಕತ್ತರಿಸ್ತೀನಿ," ಎಂದ. ಡಾರ್ಕ್‌ರೂಮಿನವನು ಗಾಬರಿಯಾಗಿ ಎರಡು ಹೆಜ್ಜೆ ಹಿಂದೆ ಸರಿದ. ಚೀಟಿಯಪ್ಪ ಹಾಗೆ ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ.

ಉದ್ಘಾಟನೆಗೆ ನಗರಸಭೆಯ ಅಧ್ಯಕ್ಷರು ಬಂದರು, ಬೀದಿಗೆ ಬೀದಿಯೇ ಬಂತು. ಹೆಂಡತಿಯ ತಮ್ಮ ತನ್ನ ನೆಂಟರನ್ನೆಲ್ಲ ಮುಂದಿನ ಸಾಲಿನಲ್ಲಿ ಕೂರಿಸಿದ. ಅತ್ತೆಯನ್ನು ಕುರ್ಚಿಯಲ್ಲಿ ಎತ್ತಿಕೊಂಡು ಬಂದಿದ್ದರು. ಬೆಂಚಿನ ಮೇಲೆ ಇಪ್ಪತ್ತಾರು ಜನ ಕಿಕ್ಕಿರಿದು ಕೂತಿರುವುದು ಚೀಟಿಯಪ್ಪನಿಗೆ ಮಾತ್ರ ಕಾಣುತ್ತಿತ್ತು. ಅಧ್ಯಕ್ಷರು ಬೆಂಚಿನ ಬಳಿ ಬಂದಾಗ ಪಂಜರದವನು ಕಾಲು ಮಡಿಚಿ ದಾರಿ ಬಿಟ್ಟ.

"ಕ್ಯಾಪ್ಟನ್ ಮೊಮ್ಮಗ ಎರಡು ಮಾತಾಡ್ಲಿ," ಎಂದರು ಅಧ್ಯಕ್ಷರು.

ಚೀಟಿಯಪ್ಪ ಟೋಪಿ ತೆಗೆದ. ಕೋಟಿನ ಗುಂಡಿ ಬಿಚ್ಚಿದ. ಮುಂದೆ ಇನ್ನೇನು ಬಿಚ್ಚುವನೋ ಎಂದು ದರ್ಜಿ ಮುಖ ಮುಚ್ಚಿಕೊಂಡ.

"ಮೇಲೆ ಟೋಪಿ ಹಾಕಿ ನಿಂತಿರೋರು ಯಾರೋ ಗೊತ್ತಿಲ್ಲ ಸಾರ್. ನಮ್ಮ ತಾತ ಕೆಳಗಿದಾರೆ. ಬಾಯ್ಲರಿಗೆ ಇದ್ದಲು ಹಾಕೋರು. ನಾನು ಸುಳ್ಳು ಹೇಳ್ದೆ. ಸ್ಟೀಮರನ್ನೂ ನಾನೇ ಉಲ್ಟಾ ನಿಲ್ಲಿಸಿದ್ದೆ. ಈಗ ಸರಿ ಮಾಡಿದೀನಿ, ಇವತ್ತೇ ಹೊರಡುತ್ತೆ." ಕೊನೆಯ ಮಾತನ್ನು ಅವನು ಬೆಂಚಿನ ಕಡೆ ತಿರುಗಿ ಹೇಳಿದ.

"ಭಾವನಿಗೆ ಪಿತ್ತ ನೆತ್ತಿಗೇರಿದೆ!" ಎಂದು ಕೂಗಿದ ಹೆಂಡತಿಯ ತಮ್ಮ. ಅವನ ನೆಂಟರು ಒಬ್ಬೊಬ್ಬರೇ ಹಿಂದಿನ ಸಾಲಿಗೆ ಜಾರಿದರು. "ರೀ, ಏನ್ರೀ ಇದು?" ಎಂದು ಮೇಡಂ ಹಲ್ಲು ಕಚ್ಚಿ ಕೇಳಿದರು. ಆದರೆ ಕೆಳಗಿದ್ದಾರೆ ಎಂದ ಮೇಲೆ ನೋಡದಿರಲಾದೀತೇ? ಮೊದಲು ಅಧ್ಯಕ್ಷರು ಬಗ್ಗಿದರು. ಅಧ್ಯಕ್ಷರು ಬಗ್ಗಿದ ಮೇಲೆ ಮೇಡಂ ಬಗ್ಗಿದರು, ಕ್ಷೌರಿಕ ಬಗ್ಗಿದ, ದರ್ಜಿ ಬಗ್ಗಿದ. ಜೀವಮಾನವೆಲ್ಲ ತಳದಲ್ಲಿದ್ದವನ ಮುಂದೆ ಊರಿಗೆ ಊರೇ ಮಂಡಿಯೂರಿತು.

"ಸರೀರಿ, ನಂಗೂ ತೋರಿಸ್ರೋ," ಎಂದಳು ಅತ್ತೆ.

ಕುರ್ಚಿಯನ್ನು ಚಿತ್ರಕ್ಕೆ ತಾಗಿಸಿದರು. ಚೀಟಿಯಪ್ಪ ಭೂತಗನ್ನಡಿ ಹಿಡಿದ. ಅವಳು ಮೂಗು ತಾಗುವಷ್ಟು ಹತ್ತಿರ ಹೋಗಿ ಬಹಳ ಹೊತ್ತು ನೋಡಿದಳು.

"ಎಡಗೈ," ಎಂದಳು. ಆಮೇಲೆ, "ಅಯ್ಯೋ, ಇಷ್ಟು ಎಳೇ ಹುಡುಗನೇನೋ ನಮ್ಮಪ್ಪ! ನಾನು ಮುದುಕ ಅಂದ್ಕೊಂಡಿದ್ದೆ." ಬೆರಳು ಬಿಳಿ ಗೀಚಿನ ಮೇಲೆ ಹೋಗಿ ನಿಂತಿತು. "ಇದು ನಾನು. ಅಲ್ಲಾಡ್ಬೇಡ, ಫೋಟೋ ತೆಗೀತಾರೆ ಅಂತ ಕೂಗ್ತಿದಾನೆ ನೋಡು. ನಾನು ಕುಣೀತಾ ಇದ್ದೆ."

ಅವಳು ಅತ್ತಳು. ಅಳಬಾರದು ಎಂದು ಹೇಳುವಷ್ಟು ಧೈರ್ಯ ಅಧ್ಯಕ್ಷರಿಗೂ ಬರಲಿಲ್ಲ. ಅದೇ ಹೊತ್ತಿಗೆ ನದಿಯ ಕಡೆಯಿಂದ ಒಂದು ಶಿಳ್ಳೆ ಕೇಳಿಸಿತು. ಉದ್ದಕ್ಕೆ, ಒಮ್ಮೆ, ಆಮೇಲೆ ಇನ್ನೊಮ್ಮೆ. ಎಲ್ಲರೂ ಕಿಟಕಿಯತ್ತ ನೋಡಿದರು. ನೀರಿನ ಮೇಲೆ ಏನೂ ಇರಲಿಲ್ಲ, ಬಿಸಿಲಿತ್ತು.

"ಗಿರಣಿದು," ಎಂದರು ಅಧ್ಯಕ್ಷರು. ಗಿರಣಿ ಮುಚ್ಚಿ ಮೂವತ್ತು ವರ್ಷವಾಗಿತ್ತೆಂದು ಯಾರೂ ನೆನಪಿಸಲಿಲ್ಲ.

"ಸಾರ್," ಎಂದ ಕಾವಲುಗಾರ, "ಬೆಂಚು ಒಣಗಿಬಿಟ್ಟಿದೆ. ಮೇಲೆ ನಿಮ್ಮ ಚೀಟಿಗಳಿವೆ."

ನೀಟಾಗಿ ಜೋಡಿಸಿಟ್ಟ ಒಂದು ಕಟ್ಟು. ಪ್ರತಿಯೊಂದರ ಖಾಲಿ ಗೆರೆಯ ಮೇಲೂ ಹಳೇ ಕಾಲದ ಸುರುಳಿ ಅಕ್ಷರದ ರುಜು. ಹಿಂದಿನ ದಿನ ಕೊಟ್ಟದ್ದು ಇಪ್ಪತ್ತಾರು ಚೀಟಿ, ಅದು ಅವನಿಗೆ ಚೆನ್ನಾಗಿ ನೆನಪಿತ್ತು. ಕಟ್ಟಿನಲ್ಲಿ ಇಪ್ಪತ್ತೇಳಿದ್ದವು. ಇಪ್ಪತ್ತೇಳನೆಯದರ ಮೇಲೆ ರುಜು ಇರಲಿಲ್ಲ. ಓದುಬರಹ ಬಾರದವನ ಹೆಬ್ಬೆಟ್ಟಿತ್ತು, ಕಲ್ಲಿದ್ದಲಿನ ಹಸಿ ಮಸಿಯದು.

ಚಿತ್ರದಲ್ಲಿ ದಂಡೆಯ ಬೆಂಚು ಈಗಲೂ ಖಾಲಿಯೇ ಇತ್ತು. ಆದರೆ ಸ್ಟೀಮರಿನ ಅಟ್ಟದ ಕಂಬಿಗೊರಗಿ, ಕೊಡೆ ಗಂಟು ಪಂಜರಗಳೊಂದಿಗೆ ಜನ ನಿಂತಿದ್ದರು. "ಇವರೆಲ್ಲ ಮೊದಲಿಂದಲೂ ಇದ್ರಾ?" ಎಂದು ಮೇಡಂ ಕೇಳಿದರು. ಚೀಟಿಯಪ್ಪ ಅಷ್ಟರಲ್ಲಿ ಆ ಇಪ್ಪತ್ತೇಳನೆಯ ಚೀಟಿಯನ್ನು ಅತ್ತೆಯ ಕೈಗೆ ಕೊಟ್ಟಿದ್ದ.

ಅವಳು ಅದನ್ನು ಮೂಸಿದಳು, ಒಮ್ಮೆ ನಕ್ಕಳು, ಬೋರಲು ಮಾಡಿ ತನ್ನ ತಲೆಯ ಮೇಲಿಟ್ಟುಕೊಂಡು ಒತ್ತಿದಳು. ತೆಗೆದಾಗ ಬಿಳಿ ಕೂದಲ ಮೇಲೆ ಕಪ್ಪು ಗುರುತು ಉಳಿದಿತ್ತು. ಚೀಟಿಯಪ್ಪನ ಹೆಂಡತಿ ಸೆರಗು ಹಿಡಿದು ಮುಂದೆ ಬಂದಳು.

"ಬೇಡ ಕಣೇ, ಒರೆಸ್ಬೇಡ," ಎಂದಳು ಅತ್ತೆ. "ಆವತ್ತು ಅಮ್ಮ ಒರೆಸಿಬಿಟ್ಳು. ಇದೊಂದು ಇರ್ಲಿ."